ಏಳನೆಯ ಲೋಟ

"ಈ ಲೋಟ ಬಿಟ್ಟು ಬೇರೆ ಯಾವುದರಲ್ಲೂ ಅಳೆಯೋದಿಲ್ಲ ಅಂತ ಮಾತು ಕೊಡು" ಎಂದು ಮೇಸ್ತ್ರಿ ಕೇಳಿದ್ದು ಇಪ್ಪತ್ತೆರಡು ವರ್ಷಗಳ ಹಿಂದೆ, ಕೈನಡುಕ ಹೆಚ್ಚಾಗಿ ಅವರು ಕೆಲಸ ಬಿಟ್ಟ ದಿನ. ಅವಳಿಗೆ ಆಗ ಇಪ್ಪತ್ನಾಲ್ಕು. ತಾಮ್ರದ ಲೋಟವನ್ನು ಎರಡೂ ಕೈಯಲ್ಲಿ ಇಸಿದುಕೊಂಡು, "ಕೊಟ್ಟೆ ಮೇಸ್ತ್ರಿ, ನಾನಿರೋವರೆಗೂ ಇದೊಂದೇ" ಎಂದಿದ್ದಳು.

ಅಂದಿನಿಂದ ಕಾರ್ಖಾನೆಯಲ್ಲಿ ಅವಳು ಅಳತೆಯಕ್ಕ. ಅದು ಟೀಪಾಟುಗಳ ಕಾರ್ಖಾನೆ. ನಮೂನೆ ಯಾವುದೇ ಇರಲಿ, ಭಟ್ಟಿಯಿಂದ ಇಳಿದ ಮೊದಲನೆಯದು ಅವಳ ಕೋಣೆಗೆ ಬರಬೇಕು. ಅಲ್ಲಿ ಅದಕ್ಕೆ ಎರಡೇ ಪ್ರಶ್ನೆ: ಎಷ್ಟು ಹಿಡಿಸುತ್ತೀಯ, ಎಷ್ಟು ಹೊತ್ತು ಬಿಸಿ ಇಡುತ್ತೀಯ. ಉತ್ತರವನ್ನು ಅವಳು ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿದರೆ, ಆ ಚೀಟಿ ಸಹಿಯ ಸಮೇತ ಅಚ್ಚಾಗಿ ಪ್ರತಿ ಡಬ್ಬದ ಮೇಲೂ ಕೂರುತ್ತಿತ್ತು. ಅವಳ ಮುಖ ನೋಡಿದವರಿಗಿಂತ ಸಹಿ ನೋಡಿದವರೇ ಜಾಸ್ತಿ. ನೋಡಬೇಕಾದ್ದೂ ಅದೇ ಎಂದು ಅವಳು ತಿಳಿದಿದ್ದಳು.

ಕೋಣೆ ಚಿಕ್ಕದು. ಒಂದು ನಲ್ಲಿ, ಒಂದು ಒಲೆ, ಗೋಡೆ ಗಡಿಯಾರ, ಬಿರಡೆಗೆ ಚುಚ್ಚಿದ ಥರ್ಮಾಮೀಟರು, ತೊಳೆದು ಮಡಿಸಿದ ನಾಲ್ಕು ಬಟ್ಟೆ. ತಾಮ್ರದ ಲೋಟದಲ್ಲಿ ತಣ್ಣೀರು ಹಿಡಿದು ಟೀಪಾಟಿಗೆ ಸುರಿಯುತ್ತ ಎಣಿಸಬೇಕು. ಕೊಕ್ಕಿನ ತುದಿಯಲ್ಲಿ ನೀರು ಇಣುಕಿದ ಕೂಡಲೇ ನಿಲ್ಲಿಸಬೇಕು. ಕೊಕ್ಕಿಗಿಂತ ಮೇಲೆ ಎಷ್ಟು ಹೊಟ್ಟೆಯಿದ್ದರೂ ಅದು ಬರೀ ಜಂಬ. ಆಮೇಲೆ ಬಿಸಿಯ ಸರದಿ. ಕುದಿನೀರು ಒಂದಿಷ್ಟು ಹಾಕಿ, ಸುತ್ತಿಸಿ ಚೆಲ್ಲಿ, ಟೀಪಾಟಿನ ಬಾಯಿಯನ್ನು ಮೊದಲು ಮುಕ್ಕಳಿಸಬೇಕು. ಇಲ್ಲದಿದ್ದರೆ ತಣ್ಣಗಿನ ಮಣ್ಣು ಅರ್ಧ ಬಿಸಿಯನ್ನು ತಾನೇ ಕುಡಿದುಬಿಡುತ್ತದೆ. ಬಳಿಕ ಕೊಕ್ಕಿನವರೆಗೂ ಕುದಿನೀರು ತುಂಬಿ, ಬಿರಡೆ ಮುಚ್ಚಿ, ಅರವತ್ತು ಡಿಗ್ರಿಗೆ ಇಳಿಯುವವರೆಗೂ ಗಡಿಯಾರ ನೋಡುತ್ತ ಕೂರಬೇಕು. ಇಷ್ಟನ್ನೂ ಸರಿಯಾಗಿ ಮಾಡಬಲ್ಲವರು ಲೋಕದಲ್ಲಿ ಇಬ್ಬರೇ, ಒಬ್ಬರು ನಿವೃತ್ತರಾಗಿದ್ದಾರೆ ಎಂಬುದು ಅವಳ ಗಟ್ಟಿ ನಂಬಿಕೆ.

ಉಳಿದ ಲೋಕದ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅದಕ್ಕೆ ಪುರಾವೆಯೂ ಇತ್ತು: ಗಿರಾಕಿಗಳ ಕಾಗದಗಳು. ತಿಂಗಳಿಗೆ ಎರಡೋ ಮೂರೋ ಬರುತ್ತಿದ್ದವು. ಡಬ್ಬದ ಮೇಲೆ ಆರು ಲೋಟ ಅಂತಿದೆ, ನಮ್ಮ ಮನೆಯಲ್ಲಿ ಐದೇ ಬರುತ್ತದೆ, ಇದೇನು ಎಂದು. ಉತ್ತರ ಬರೆಯುವ ಕೆಲಸ ಅವಳದೇ, ವಾಕ್ಯವೂ ಅವಳದೇ. "ತಾವು ಲೋಟವನ್ನು ಅಂಚಿನವರೆಗೂ ತುಂಬಿಸುತ್ತಿರುವಿರೆಂದು ಕಾಣುತ್ತದೆ. ಸಭ್ಯರು ಅಂಚಿಗಿಂತ ಬೆರಳಗಲ ಕೆಳಗೆ ನಿಲ್ಲಿಸುತ್ತಾರೆ." ಈ ಎರಡನೆಯ ವಾಕ್ಯವನ್ನು ಬರೆಯುವಾಗಲೆಲ್ಲ ಅವಳಿಗೆ ಬೆನ್ನು ತುರಿಸಿಕೊಂಡಷ್ಟು ಹಿತವಾಗುತ್ತಿತ್ತು.

ಡಬ್ಬಕ್ಕೆ ಹುಲ್ಲು ತುಂಬಿ ಟೀಪಾಟು ಕೂರಿಸುವವಳನ್ನು ಎಲ್ಲರೂ ಹುಲ್ಲಮ್ಮ ಎನ್ನುತ್ತಿದ್ದರು. ಅವಳು ಒಮ್ಮೆ ಕಾಗದಗಳ ಕಟ್ಟನ್ನು ತಿರುವಿ ಹಾಕಿ, "ಅಲ್ಲಕ್ಕಾ, ಎಲ್ಲರಿಗೂ ಐದೇ ಯಾಕೆ ಬರುತ್ತೆ? ಒಬ್ಬರಿಗಾದ್ರೂ ನಾಲ್ಕೋ ಏಳೋ ಬರಬಾರ್ದಾ?" ಎಂದು ಕೇಳಿದ್ದಳು.

"ಎಲ್ಲರೂ ಒಂದೇ ಅಳತೆಗೆ ದಡ್ಡರು. ಅದಕ್ಕೆ."

ಹುಲ್ಲಮ್ಮ ನಕ್ಕಿದ್ದಳು. ಅಳತೆಯಕ್ಕ ನಕ್ಕಿರಲಿಲ್ಲ, ಅವಳು ತಮಾಷೆಗೆ ಹೇಳಿರಲಿಲ್ಲ.

ಆ ದಡ್ಡರ ಸಾಲಿನ ಕಟ್ಟಕಡೆಗೆ, ಎಂಟು ತಿಂಗಳ ಹಿಂದೆ, ಯಜಮಾನರ ಅಳಿಯ ಬಂದು ನಿಂತ. ಮದುವೆಯ ಜೊತೆಗೆ ಕಾರ್ಖಾನೆಯೂ ಕೈಗೆ ಬಂದವನು. ಯಜಮಾನರು ಈಗ ಮೇಲಿನ ಕೋಣೆಯಲ್ಲಿ ಕೂತು, ಅವನು ತೋರಿಸಿದ ಕಡೆ ಸಹಿ ಹಾಕುತ್ತಿದ್ದರು. ಅಳಿಯ ಒಂದು ದಿನವೂ ಮಣ್ಣಿಗೆ ಕೈ ಹಾಕಿದವನಲ್ಲ. ಚೂಪು ಮೂತಿಯ ಬೂಟು ಹಾಕಿಕೊಂಡು, ಭಟ್ಟಿಯ ಬೂದಿಯನ್ನು ದಾಟುವಾಗ ಪ್ಯಾಂಟನ್ನು ಚಿಟಿಕೆಯಲ್ಲಿ ಎತ್ತಿ ಹಿಡಿಯುತ್ತಿದ್ದ. ಕನ್ನಡಕವನ್ನು ಕಣ್ಣಿಗಿಂತ ಹೆಚ್ಚಾಗಿ ತಲೆಯ ಮೇಲೇ ಇಟ್ಟುಕೊಳ್ಳುತ್ತಿದ್ದ. ಹೀಗಿದ್ದವನು ಕಂಪ್ಯೂಟರಿನಲ್ಲಿ ಒಂದು ಟೀಪಾಟು ಬರೆದ. ಬಿಳಿ, ತೆಳು, ಮೊಟ್ಟೆಯಂತೆ ಗುಂಡಗೆ. ಅದು ಭಟ್ಟಿಯಲ್ಲಿ ಬೆಂದು ಬಂದು ಅವಳ ಮೇಜಿನ ಮೇಲೆ ಕೂತಾಗ ಜೊತೆಗೊಂದು ಹಾಳೆಯೂ ಇತ್ತು. ಅದರಲ್ಲಿ, ಅವಳು ಅಳೆಯುವ ಮುಂಚೆಯೇ, ಅಚ್ಚು ಅಕ್ಷರದಲ್ಲಿ "ಆರು ಲೋಟ" ಎಂದು ಬರೆದಿತ್ತು.

"ಹುಟ್ಟೋಕೆ ಮುಂಚೇನೇ ಅಂಕಪಟ್ಟಿ" ಎಂದು ಅವಳು ಹಾಳೆಯನ್ನು ಒದ್ದೆ ಬಟ್ಟೆಯ ಕೆಳಗಿಟ್ಟಳು.

ಐದು, ಆರು. ಕೊಕ್ಕಿನಲ್ಲಿ ನೀರಿನ ಸುಳಿವಿಲ್ಲ. ಏಳನೆಯದನ್ನು ಸುರಿದಳು. ಪೂರ್ತಿ ಹಿಡಿಸಿತು, ಇನ್ನೊಂದೆರಡು ಚಮಚೆಗೆ ಜಾಗವಿತ್ತು. ಚೆಲ್ಲಿ ಮತ್ತೆ ಅಳೆದಳು. ಏಳು. ಮೂರನೇ ಸಲವೂ ಏಳು. ಬಿಸಿ ನೋಡಿದರೆ ಅದೂ ಅನ್ಯಾಯ: ಬೆರಳು ದಪ್ಪದ ಗೋಡೆಯ ಹಳೆಯ ಕಂದು ಟೀಪಾಟು ನಲವತ್ತು ನಿಮಿಷಕ್ಕೆ ಆರಿದರೆ, ಈ ಹಪ್ಪಳದಂಥದ್ದು ಐವತ್ತೆರಡು ನಿಮಿಷ ಜಗ್ಗಲಿಲ್ಲ. ದಪ್ಪ ಮಣ್ಣೇ ಬಿಸಿ ಹಿಡಿಯುವುದು ಎಂದು ಅವಳು ಎಷ್ಟು ಜನಕ್ಕೆ ಪಾಠ ಹೇಳಿದ್ದಳೋ. ಥರ್ಮಾಮೀಟರನ್ನು ಒರೆಸಿ, ಬಾಯಿಗೇ ಇಟ್ಟುಕೊಂಡು ನೋಡಿದಳು. ಅದು ಸರಿಯಾಗೇ ಇತ್ತು.

ಬಿಸಿಯ ಸಂಗತಿಯನ್ನು ಅವಳು ಅಲ್ಲಿಗೇ ಬಿಟ್ಟಳು. ಏಳರ ಸಂಗತಿಯನ್ನು ಬಿಡಲಾಗಲಿಲ್ಲ. ಊಟದ ಹೊತ್ತಿಗೆ ಡಬ್ಬಿ ಬಿಚ್ಚುತ್ತಲೇ ಶುರುಮಾಡಿದಳು.

"ಕೇಳಿದ್ರಾ? ಅಳಿಯಂದ್ರಿಗೆ ತಾವು ಹೆತ್ತಿದ್ದು ಎಷ್ಟು ದಪ್ಪ ಇದೆ ಅಂತ ತಮಗೇ ಗೊತ್ತಿಲ್ಲ. ಆರು ಅಂತ ಬರ್ಕೊಟ್ಟಿದಾರೆ. ಹಿಡಿಸೋದು ಏಳು!"

"ಎಣಿಸೋಕೆ ಬೆರಳು ಬೇಕಲ್ಲಕ್ಕಾ" ಎಂದಳು ಹುಲ್ಲಮ್ಮ. "ಪಾಪ, ಅವರ ಬೆರಳಲ್ಲೆಲ್ಲ ಉಂಗುರ."

ಭಟ್ಟಿಯವರು, ಹೊಳಪು ಬಳಿಯುವವರು, ಎಲ್ಲರೂ ಬಿದ್ದುಬಿದ್ದು ನಕ್ಕರು. ಅವಳು ಡಬ್ಬಿ ತೊಳೆದು ಬರುವಷ್ಟರಲ್ಲಿ ಆ ನಗು ಮೆಟ್ಟಿಲು ಹತ್ತಿ ಮೇಲಿನ ಕೋಣೆ ಮುಟ್ಟಿತ್ತು.

ಅಳಿಯ ಮೂರು ಗಂಟೆಗೆ ಬಂದ. ಕಂಕುಳಲ್ಲಿ ಗಾಜಿನ ತಟ್ಟೆಯ ಒಂದು ಚಪ್ಪಟೆ ತಕ್ಕಡಿ.

"ಏಳು ಅಂದ್ರಂತೆ ಅಕ್ಕಾ."

"ನಾನ್ಯಾಕೆ ಅನ್ನಲಿ ಸ್ವಾಮಿ? ಲೋಟ ಅಂದಿದ್ದು."

"ಆ ಲೋಟ ಒಂದ್ನಿಮಿಷ ಕೊಡ್ತೀರಾ?"

"ಅದನ್ನ ಬೇರೆಯವರು ಮುಟ್ಟೋ ಹಾಗಿಲ್ಲ."

"ಸರಿ, ನೀವೇ ಇಡಿ ಇದರ ಮೇಲೆ."

ಇಟ್ಟಳು. ಅವನೇನೋ ಒತ್ತಿದ, ತಕ್ಕಡಿ ಸೊನ್ನೆ ತೋರಿಸಿತು. "ನೀರು ತುಂಬಿ. ಅಂಚಿನವರೆಗೂ." ಮಗುವಿನ ಆಟಕ್ಕೆ ಒಪ್ಪಿಕೊಂಡವಳ ಹಾಗೆ ಅವಳು ತುಂಬಿದಳು. ನೂರ ಎಪ್ಪತ್ತು ಗ್ರಾಮು ಎಂದಿತು ತಕ್ಕಡಿ.

"ಇನ್ನೂರು ಇರಬೇಕು" ಎಂದ ಅಳಿಯ. "ಒಂದು ಲೋಟ ಅಂದ್ರೆ ಇನ್ನೂರು ಮಿಲಿ, ನೀರಾದ್ರೆ ಇನ್ನೂರೇ ಗ್ರಾಮು. ನಿಮ್ಮ ಚೀಟಿ ಮೇಲೇ ಹಾಗಂತ ಅಚ್ಚಾಗಿದೆ."

"ನಿಮ್ಮ ತಕ್ಕಡಿ ಕೆಟ್ಟಿದೆ."

ಅವನು ಜೇಬಿನಿಂದ ಇನ್ನೂ ಒಡೆಯದ ಕಾಲು ಕಿಲೋ ಟೀಪುಡಿಯ ಪೊಟ್ಟಣ ತೆಗೆದು ತಕ್ಕಡಿಯ ಮೇಲಿಟ್ಟ. ಇನ್ನೂರ ಐವತ್ತೆರಡು. "ಎರಡು ಗ್ರಾಮು ಕಾಗದದ್ದು" ಎಂದ. ಅವಳು ಹೀಗೇ ಅನ್ನುತ್ತಾಳೆಂದು ಗೊತ್ತಿದ್ದು ತಯಾರಾಗಿ ಬಂದಿದ್ದ ಎನ್ನುವುದೇ ಅವಳನ್ನು ಹೆಚ್ಚು ಉರಿಸಿತು.

ಅವಳು ನೀರು ಚೆಲ್ಲಿ ಲೋಟದೊಳಗೆ ಬೆರಳು ಇಳಿಸಿದಳು. ಹೊರಗೂ ಅದೇ ಬೆರಳನ್ನು ಹಿಡಿದು ನೋಡಿದಳು. ಹೊರಗಿನ ಎತ್ತರಕ್ಕೂ ಒಳಗಿನ ಆಳಕ್ಕೂ ಉಗುರಿನಷ್ಟು ವ್ಯತ್ಯಾಸ. ತಳಕ್ಕೆ ಇನ್ನೊಂದು ತಳ ಬೆಸೆದಿತ್ತು; ಬೆಸುಗೆಯ ಗೆರೆಯನ್ನು ಇಪ್ಪತ್ತೆರಡು ವರ್ಷ ವಾರಕ್ಕೊಮ್ಮೆ ನಿಂಬೆಸಿಪ್ಪೆ ಹಾಕಿ ಉಜ್ಜಿ ನುಣ್ಣಗೆ ಮಾಡಿದ್ದವಳು ಅವಳೇ.

ಅಳಿಯ ಈಗ ಕೂಗಾಡುತ್ತಾನೆ, ಎಲ್ಲರನ್ನೂ ಕರೆದು ತೋರಿಸುತ್ತಾನೆ ಎಂದು ಅವಳು ಕಾದಳು. ಮಧ್ಯಾಹ್ನ ಅವಳು ಮಾಡಿದ್ದು ಅದನ್ನೇ ತಾನೆ. ಅವನು ಹೋಗಿ ಬಾಗಿಲು ಮುಂದೆ ಮಾಡಿ ಬಂದ.

"ಯಾರ ಹತ್ರಾನೂ ಹೇಳಬೇಡಿ. ಇದು ಲೋಟ ಅಲ್ಲಕ್ಕಾ, ಬಂಗಾರ. ಏಳು ಅಂತಲೇ ಬರೀರಿ."

"ಆರು ಅಂತ ನೀವೇ ಬರ್ಕೊಟ್ಟಿದ್ರಲ್ಲ?"

"ಅದು ಈ ಲೋಟ ನೋಡೋಕೆ ಮುಂಚೆ. ಬೇರೆ ಯಾರ ಟೀಪಾಟಲ್ಲಿ ಏಳು ಇದೆ ಹೇಳಿ? ಜೊತೆಗೆ ಐವತ್ತೆರಡು ನಿಮಿಷ ಬಿಸಿ, ಮೇಜಿನ ಮೇಲೆ ನೀವೇ ಬರೆದಿಟ್ಟಿದೀರಿ. ಅಷ್ಟು ನೀರು ಹಿಡಿಸಿದ್ದಕ್ಕೇ ಅದು ನಿಧಾನ ಆರಿದ್ದು. ನಿಮ್ಮ ಹಳೇದು ದಪ್ಪ ಚರ್ಮದ್ದು, ಬಿಸೀನೆಲ್ಲ ತಾನೇ ಕುಡೀತಿತ್ತು." ಅವನು ಕನ್ನಡಕವನ್ನು ತಲೆಯಿಂದ ಇಳಿಸಿ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. "ನಾಳೆ ಹತ್ತು ಗಂಟೆಗೆ ಚೀಟಿ ಅಚ್ಚಿಗೆ ಹೋಗಬೇಕು. ಏಳು ಅಂದ್ರೆ ನಿಮ್ಮ ಸಹಿ ಬೇಕು, ಜನ ಅದನ್ನ ನಂಬ್ತಾರೆ. ಆರು ಅಂತ ಬರೆಯೋದಾದ್ರೆ ನನಗೆ ಈ ತಕ್ಕಡಿ ಸಾಕು. ಅದಕ್ಕೆ ಕೋಣೆ ಬೇಡ, ಒಲೆ ಬೇಡ. ಅಕ್ಕಾನೂ ಬೇಡ."

ಇಷ್ಟು ದಿನ ಅವಳು ಅವನನ್ನು ಏನೂ ತಿಳಿಯದವನೆಂದು ಹೀಗಳೆದಿದ್ದಳು. ತಿಳಿದವನೆಂದು ಗೊತ್ತಾದ ಮೇಲೆ ಹೀಗಳೆಯುವುದು ಇನ್ನೂ ಸಲೀಸಾಯಿತು. ಆದರೆ ಅದರಲ್ಲಿ ಮೊದಲಿನ ರುಚಿಯಿರಲಿಲ್ಲ.

ಅಂದು ಅವಳು ಲೋಟವನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದಳು. ಹಿಂದೆಂದೂ ಅದು ಕಾರ್ಖಾನೆಯ ಬಾಗಿಲು ದಾಟಿರಲಿಲ್ಲ. ಚಪ್ಪಲಿ ಬಿಟ್ಟವಳೇ ಸ್ಟೂಲು ಹತ್ತಿ, ಅಟ್ಟದ ಪೆಟ್ಟಿಗೆಯಿಂದ ಮಗಳು ಕೂಸಾಗಿದ್ದಾಗಿನ ಹಾಲಿನ ಬಾಟಲಿ ತೆಗೆದಳು. ಪಕ್ಕದಲ್ಲಿ ಗೆರೆಗಳಿದ್ದವು, ಇನ್ನೂರು ಮಿಲಿಯವರೆಗೆ. ತಕ್ಕಡಿ ಅವನದು, ಈ ಬಾಟಲಿ ಅವಳದು. ಇದರ ಗೆರೆ ನೋಡಿಯೇ ಅವಳು ಒಂದು ಜೀವವನ್ನು ಬೆಳೆಸಿದ್ದಳು.

ಹದಿನಾಲ್ಕರ ಮಗಳು ಪುಸ್ತಕ ಮಡಿಸಿ ಎದ್ದು ಬಂದಳು. "ಏನಮ್ಮಾ, ಯಾರಿಗೆ ಹಾಲು?"

"ಬಾಯಿ ಮುಚ್ಕೊಂಡು ಹಿಡ್ಕೋ ಇದನ್ನ."

ಇನ್ನೂರರ ಗೆರೆಯವರೆಗೂ ನೀರು ತುಂಬಿ ಲೋಟಕ್ಕೆ ಸುರಿದರು. ಲೋಟ ತುಂಬಿ ಅಂಚಿನಲ್ಲಿ ನೀರು ನಡುಗಿತು. ಮಗಳು ಬಾಟಲಿಯನ್ನು ದೀಪಕ್ಕೆ ಎತ್ತಿ ಹಿಡಿದಳು.

"ಮೂವತ್ತು ಉಳೀತು."

ಅಳತೆಯಕ್ಕ ಬಾಟಲಿಯನ್ನು ಇಸಿದುಕೊಂಡು ಗೆರೆಯನ್ನು ತಾನೇ ನೋಡಿದಳು.

"ನೀನು ಯಾವತ್ತೂ ಇದನ್ನ ಅಳೆದು ನೋಡಿಲ್ವಾ?"

"ಇದು ಅಳೆಯೋ ಲೋಟ ಕಣೇ."

"ಅದಕ್ಕೇ ಕೇಳಿದ್ದು" ಎಂದಳು ಮಗಳು. ಆ ದನಿ ಎಲ್ಲಿಂದ ಬಂದದ್ದೆಂದು ಅಳತೆಯಕ್ಕನಿಗೆ ಗುರುತು ಸಿಕ್ಕಿತು. ಕಾಗದಗಳಿಗೆ ಉತ್ತರ ಬರೆಯುವಾಗ ತನ್ನೊಳಗೆ ಕೇಳುತ್ತಿದ್ದ ದನಿಯೇ ಅದು.

ಇನ್ನೂ ಬೆಳಕಿತ್ತು. ಅವಳು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಎರಡು ಬೀದಿ ದಾಟಿ ಮೇಸ್ತ್ರಿಯ ಮನೆಯ ಮೆಟ್ಟಿಲು ಹತ್ತಿದಳು. ಇದು ಯಜಮಾನರ ಅಪ್ಪನ ಕೆಲಸವೇ ಇರಬೇಕು, ಮೇಸ್ತ್ರಿಗೂ ಮೋಸವಾಗಿದೆ, ಕೇಳಿದರೆ ಎದೆ ಒಡೆದುಕೊಂಡಾರು, ಮೆಲ್ಲಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದಳು.

"ಮಾವಾ, ನಿಮ್ಮ ಶಿಷ್ಯೆ ಬಂದಿದಾರೆ" ಎಂದು ಸೊಸೆ ಒಳಗೆ ಬಿಟ್ಟು ಅಡುಗೆಮನೆಗೆ ಹೋದಳು. ಮೇಸ್ತ್ರಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತು ದಾಟಿದ ಕೈಗಳು ತೊಡೆಯ ಮೇಲೆ ಕುಣಿಯುತ್ತಿದ್ದವು. ಅವಳು ಲೋಟಕ್ಕೆ ಸುತ್ತಿದ ಬಟ್ಟೆ ಬಿಚ್ಚಿ ಅದನ್ನು ಎದುರಿಗಿಟ್ಟು, ಹೊಂದಿಸಿಕೊಂಡ ಮಾತನ್ನು ಶುರುಮಾಡುವ ಮೊದಲೇ ಮೇಸ್ತ್ರಿ ನಕ್ಕುಬಿಟ್ಟರು.

"ಈಗ ಗೊತ್ತಾಯ್ತಾ?"

ಅವಳು ನಿಂತೇ ಇದ್ದಳು.

"ನಾನು ಮೂರನೇ ದಿನಕ್ಕೆ ಕಂಡ್ಕೊಂಡೆ. ನೀನು ಇಪ್ಪತ್ತೆರಡು ವರ್ಷ ತಗೊಂಡೆಯಲ್ಲೇ ತಾಯಿ."

"ಗೊತ್ತಿದ್ದೂ ಕೊಟ್ರಾ ನನಗೆ?"

"ಗೊತ್ತಿದ್ದಿದ್ದಕ್ಕೇ ಮಾತು ತಗೊಂಡು ಕೊಟ್ಟೆ. ದೊಡ್ಡ ಯಜಮಾನ್ರು ಮಾಡಿಸಿದ ಲೋಟ ಅದು. ಅದರಿಂದ ಎಷ್ಟು ಜನ ಉಂಡ್ರು ಗೊತ್ತಾ? ನೀನೂ ಉಂಡಿದೀಯ."

"ಅಷ್ಟು ಜನರಲ್ಲಿ ನಾನೇ ಯಾಕೆ?"

ಮೇಸ್ತ್ರಿಗೆ ಅದು ನೆನಪು ಮಾಡಿಕೊಳ್ಳಬೇಕಾದ ವಿಷಯವೇ ಆಗಿರಲಿಲ್ಲ. "ಆರು ಜನಕ್ಕೆ ತೋರಿಸಿದ್ದೆ ಲೋಟಾನ. ಐದು ಜನ ಕೈಗೆ ಬಂದ ಕೂಡಲೇ ತಿರುಗಿಸಿ ತಳ ನೋಡಿದ್ರು. ನೀನು ನನ್ನ ಮುಖ ನೋಡಿದೆ."

ಅಷ್ಟರಲ್ಲಿ ಅವಳ ಮನಸ್ಸಿನಲ್ಲಿ 'ಅವರು' ಹೋಗಿ 'ಅವನು' ಆಗಿತ್ತು. ಆ ನಡುಗುವ ಕೈ ನೋಡಿ ಎಷ್ಟು ಸಲ ಹಣ್ಣು ತಂದುಕೊಟ್ಟಿದ್ದಳು. ಕಾರ್ಖಾನೆಯ ಹೊಸಬರಿಗೆಲ್ಲ ಅವನ ಕಥೆ ಹೇಳಿ ಮೈ ಜುಮ್ಮೆನಿಸಿಕೊಂಡಿದ್ದಳು. ಈಗ ಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದ, ಅಷ್ಟೆ. ಅವಳು ಅಳಿಯ ಹೇಳಿದ್ದನ್ನು ಹೇಳಿದಳು.

"ಏಳು ಅಂತ ಬರಿ, ಮತ್ತೇನು" ಎಂದ ಮೇಸ್ತ್ರಿ. "ಮಾತು ಕೊಟ್ಟಿದೀಯ. ಈ ಲೋಟದಲ್ಲಿ ಅಳೆದ್ರೆ ಏಳು ಬರುತ್ತೆ ತಾನೆ? ಸುಳ್ಳೇನಿದೆ ಅದರಲ್ಲಿ? ಬರೀದೆ ಹೋದ್ರೆ ಕೋಣೆ ಹೋಗುತ್ತೆ, ನನ್ನ ಮಾನ ಹೋಗುತ್ತೆ. ನಿನ್ನದೂ."

ಸೊಸೆ ಟೀ ತಂದಳು. ತಟ್ಟೆಯ ಮೇಲೆ ಅವರದೇ ಕಾರ್ಖಾನೆಯ ಕಂದು ಟೀಪಾಟು. "ನಿಮ್ಮದೇ ನೋಡಿ" ಎಂದಳು ಸುರಿಯುತ್ತ. "ಚೆನ್ನಾಗಿದೆ, ಆದ್ರೆ ಆರು ಅಂತ ಬರ್ದು ಐದೇ ಬರುತ್ತೆ. ಮಾವಂಗೆ ಹೇಳಿದ್ರೆ ನನ್ನ ಮೇಲೇ ರೇಗ್ತಾರೆ. ಒಂದ್ಸಲ ಕಾಗದಾನೂ ಬರೆದಿದ್ದೆ. ಸಭ್ಯರು ಬೆರಳಗಲ ಕೆಳಗೆ ನಿಲ್ಲಿಸ್ತಾರೆ ಅಂತ ಉತ್ತರ ಬಂತು." ಅವಳು ನಕ್ಕಳು, ಆದರೆ ಮುಖ ಕೆಂಪಾಗಿತ್ತು. "ಯಾವ ಪುಣ್ಯಾತ್ಗಿತ್ತಿ ಬರೆದ್ಳೋ. ಅವತ್ತಿಂದ ಮನೆಗೆ ಯಾರಾದ್ರೂ ಬಂದ್ರೆ ಟೀ ಸುರಿಯೋಕೆ ನನಗೆ ಕೈ ಬರಲ್ಲ."

ಅವಳು ಸುರಿದ ಲೋಟ ಬೆರಳಗಲ ಕಡಿಮೆಯಿತ್ತು. ಅಳತೆಯಕ್ಕ ಅದನ್ನು ಕೈಗೆತ್ತಿಕೊಂಡಳು. ಕುಡಿಯಲಾಗಲಿಲ್ಲ. ಮೇಸ್ತ್ರಿ ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಸೊರ ಸೊರ ಎಂದು ಸದ್ದು ಮಾಡುತ್ತ ಹೀರಿದ.

ಬೆಳಿಗ್ಗೆ ಅವಳು ಎಂಟಕ್ಕೇ ಕಾರ್ಖಾನೆಗೆ ಬಂದಳು. ಚೀಲದಲ್ಲಿ ತಾಮ್ರದ ಲೋಟದ ಪಕ್ಕ ಇಣುಕುತ್ತಿದ್ದ ಬಾಟಲಿಯನ್ನು ಹುಲ್ಲಮ್ಮ ಬಾಗಿಲಲ್ಲೇ ಕಂಡಳು.

"ಏನಕ್ಕಾ ಇದು, ಈ ವಯಸ್ಸಲ್ಲಿ ವಿಶೇಷನಾ?"

"ನಿನ್ನ ಬಾಯಿಗಷ್ಟು ಹುಲ್ಲು ತುರುಕ್ಕೋ ಹೋಗು" ಎಂದಳು. ಎರಡು ಹೆಜ್ಜೆ ಹೋದವಳು ನಿಂತಳು. "ನೀನು ಅವತ್ತು ಕೇಳಿದ್ದೆ ನೋಡು, ಎಲ್ಲರಿಗೂ ಐದೇ ಯಾಕೆ ಬರುತ್ತೆ ಅಂತ."

"ಹೂಂ. ದಡ್ಡರು ಅಂದ್ರಿ."

"ಒಬ್ಬಳೇ ಇದ್ದದ್ದು."

ಹುಲ್ಲಮ್ಮನಿಗೆ ಅರ್ಥವಾಗಲಿಲ್ಲ. ಅಳತೆಯಕ್ಕ ವಿವರಿಸಲೂ ಇಲ್ಲ. ಕೋಣೆಗೆ ಹೋಗಿ ಕಿಟಕಿ ತೆರೆದು, ನೀರು ಕಾಯಲಿಟ್ಟಳು.

ಬಿಳಿ ಟೀಪಾಟಿಗೆ ಬಾಟಲಿಯಿಂದ ಸುರಿಯುತ್ತ ಎಣಿಸಿದಳು. ಆರನೆಯದು ಮುಗಿಯುವಾಗ ಕೊಕ್ಕಿನ ತುದಿಯಲ್ಲಿ ನೀರು ಇಣುಕಿತು. ಆಮೇಲೆ ಅದರ ಬಾಯಿ ಮುಕ್ಕಳಿಸಿ, ಕುದಿನೀರು ತುಂಬಿ, ಬಿರಡೆ ಮುಚ್ಚಿ, ಗಡಿಯಾರದ ಎದುರು ಕೂತಳು. ಅದು ಆರುವಷ್ಟು ಹೊತ್ತಿನಲ್ಲಿ ಕಪಾಟಿನಿಂದ ಹಳೆಯ ಕಂದು ಟೀಪಾಟನ್ನು ಇಳಿಸಿ ಅದನ್ನೂ ಅಳೆದಳು. ಐದು ಬಾಟಲಿ, ಮೇಲೊಂದು ಗುಟುಕು. ಎರಡು ಚೀಟಿ ಬರೆದಳು. ಬಿಳಿಯದು: ಆರು ಲೋಟ, ಐವತ್ತೆರಡು ನಿಮಿಷ. ಕಂದು: ಐದು ಲೋಟ, ನಲವತ್ತು ನಿಮಿಷ. ಎರಡಕ್ಕೂ, ಯಾವಾಗಲೂ ಹಾಕುವಷ್ಟೇ ದೊಡ್ಡದಾಗಿ, ಸಹಿ ಹಾಕಿದಳು.

ಹತ್ತಕ್ಕೆ ಹತ್ತು ನಿಮಿಷವಿದ್ದಾಗ ತಾನೇ ಹೋಗಿ ಅಚ್ಚಿನವನ ಕೈಗೆ ಕೊಟ್ಟು ಬಂದಳು. ಅವನು ಓದದೆ ಮೊಳೆಗೆ ಚುಚ್ಚಿದ. ತಿರುಗಿ ಬಂದು ಒಲೆ ಆರಿಸಿ, ಬಟ್ಟೆಗಳನ್ನು ಮಡಿಸಿ, ಥರ್ಮಾಮೀಟರನ್ನು ಒರೆಸಿ ಬಿರಡೆಯ ಪಕ್ಕ ಇಟ್ಟಳು. ಮೆಟ್ಟಿಲ ಮೇಲೆ ಚೂಪು ಬೂಟಿನ ಸದ್ದು ಇಳಿಯುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ತಾಮ್ರದ ಲೋಟ ಬೋರಲಾಗಿ ಕೂತಿತ್ತು, ತಳ ಮೇಲಾಗಿ. ಇಪ್ಪತ್ತೆರಡು ವರ್ಷಗಳಲ್ಲಿ ಅದು ಒದ್ದೆಯಾಗದೆ ಉಳಿದ ಕೆಲಸದ ದಿನ ಇದೇ ಮೊದಲು.

ಮೇಸ್ತ್ರಿಗೆ ಕೊಟ್ಟ ಮಾತನ್ನು ಅವಳು ಮುರಿದಿದ್ದಳು.